ಹಕ್ಕಲ ಮೆಣಸಿನಕಾಯಿ

ಧಾರವಾಡ
೧೨ ಫೆಬ್ರುವರಿ ೨೦೨೫

ಪೂಜ್ಯ ಈರಪ್ಪ ಮಾಸ್ತರರಿಗೆ ಗಂಗಾಳ ನಮಸ್ಕಾರಗಳು.

ನಿಮಗೆ ಫೋನ್ ಮಾಡಿದರೆ ನಾನು ಹೇಳಿದ್ದು ನಿಮಗೆ ಕೇಳಿಸುವುದಿಲ್ಲ. ನೀವು “ಹಾಂ, ಹಾಂ” ಎನ್ನುತ್ತೀರಿ, ನನಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೋರ್ಟಿನ ಪಡಸಾಲೆಯಲ್ಲಿ ನಿಂತು ಬರೆಯುತ್ತಿರುವುದರಿಂದ ಅಕ್ಷರ ಕೆಟ್ಟಿದೆ. ಬೈಯಬೇಡಿ.

ನಮ್ಮ ಕೇರಿಯ ಸಣ್ಣವ್ವ ಚಿಗವ್ವನ ಸುದ್ದಿ ನಿಮಗೆ ಗೊತ್ತೇ ಇರುತ್ತದೆ. ಹದಿನೈದು ದಿನಗಳಿಂದ ಆಕೆ ಇಲ್ಲಿ ಜೈಲಿನಲ್ಲಿದ್ದಾಳೆ. ಜನವರಿ ೨೮ರಂದು ನಿಮ್ಮ ತಮ್ಮನ ಮಗ ಬಸಣ್ಣನ ಹೊಲದಲ್ಲಿ ಹಕ್ಕಲು ಆಯುತ್ತಿದ್ದಳು. ಮೆಣಸಿನಕಾಯಿ ಕಡೇ ಸಲ ಬಿಡಿಸಿ ಮುಗಿದ ಮೇಲೆ ಗಿಡದಲ್ಲಿ ಉಳಿದದ್ದು, ನೆಲಕ್ಕೆ ಬಿದ್ದದ್ದು ಆಯ್ದುಕೊಂಡು ಹೋದರೆ ನಮ್ಮ ಊರಲ್ಲಿ ಯಾರೂ ಬೇಡವೆಂದದ್ದಿಲ್ಲ. ನನ್ನ ಅವ್ವನೂ ಆಯ್ದಿದ್ದಾಳೆ, ನಾನೂ ಆಯ್ದಿದ್ದೇನೆ. ಆಕೆಯ ಹತ್ತಿರ ಇದ್ದದ್ದು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು, ಅದರಲ್ಲಿ ಅರ್ಧದಷ್ಟು ಬಣ್ಣ ಹೋದ ಬಿಳಿಗಾಯಿ. ಆದರೆ ದೂರಿನಲ್ಲಿ ಬರೆದದ್ದು ಬೇರೆಯೇ ಇದೆ. ಬಸಣ್ಣನ ಶೆಡ್ಡಿನ ಕೀಲಿ ಮುರಿದು ಎರಡು ಚೀಲ ಒಣಗಿದ ಕಾಯಿ ಕದ್ದಳಂತೆ. ಹೊಲದಲ್ಲಿ ಆಯ್ದದ್ದು ಎಂದಾಗಿದ್ದರೆ ಠಾಣೆಯಲ್ಲೇ ಮುಗಿಯುವ ಮಾತು. ಶೆಡ್ಡಿನ ಕಳವು ಎಂದರೆ ಏಳು ವರ್ಷದವರೆಗೂ ಶಿಕ್ಷೆ ಆಗಬಹುದು.

ನಾನು ವಕೀಲಿಕೆ ಮಾಡುವ ಸಂಸ್ಥೆ ಇಂಥ ಕೇಸುಗಳನ್ನೇ ನಡೆಸುತ್ತದೆ. ಝೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆ, ನಾಲ್ಕು ಜನ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದಕ್ಕೆ, ಬೇಡಿದ್ದಕ್ಕೆ, ರಸ್ತೆ ಬದಿ ಬುಟ್ಟಿ ಇಟ್ಟದ್ದಕ್ಕೆ ಪೊಲೀಸರ ಕೈಗೆ ಸಿಕ್ಕವರು ನಮ್ಮ ಹತ್ತಿರ ಬರುತ್ತಾರೆ. ಫೀ ಇಲ್ಲ. ಸಣ್ಣವ್ವನಿಗೆ ಫೆಬ್ರುವರಿ ೫ರಂದೇ ಜಾಮೀನು ಸಿಕ್ಕಿದೆ, ಮಾಸ್ತರರೇ. ಸಿಕ್ಕೂ ಆಕೆ ಒಳಗೇ ಇದ್ದಾಳೆ, ಯಾಕೆಂದರೆ ಹೆಸರಿನಲ್ಲಿ ಜಮೀನು ಇರುವ ಒಬ್ಬರು ಬಂದು ಜಾಮೀನು ನಿಲ್ಲಬೇಕು. ನಮ್ಮ ಕೇರಿಯಲ್ಲಿ ಯಾರ ಹೆಸರಿಗೆ ಜಮೀನಿನ ಉತಾರ ಇದೆ, ಹೇಳಿ. ಆಕೆಯ ಗಂಡ ಭೀಮಶಿ ಕಾಕಾ ಕಾಲು ಎಳೆಯುತ್ತ ಹದಿನಾಲ್ಕು ಮನೆ ತಿರುಗಿದ್ದಾನೆ.

ನೀವು ಬನ್ನಿ. ಉತಾರ, ಆಧಾರ್ ಕಾರ್ಡು ತಂದು ಒಂದು ಸಹಿ ಮಾಡಿದರೆ ಸಾಕು. ಬಸಣ್ಣ ನಿಮ್ಮ ಮನೆಯವನೇ, ಇಬ್ಬರದೂ ಒಂದೇ ಒಲೆ ಎಂಬುದು ಗೊತ್ತಿದ್ದೇ ಕೇಳುತ್ತಿದ್ದೇನೆ. ನಮ್ಮಪ್ಪ ನನ್ನ ಶಾಲೆ ಬಿಡಿಸಿದಾಗ ನೀವು ಕೇರಿಗೆ ಬಂದು, ನಮ್ಮ ಮನೆಯಲ್ಲಿ ಚಹಾ ಕುಡಿದು, ಅವನ ಕೈಹಿಡಿದು ಒಪ್ಪಿಸಿದಿರಿ. ಆಗಲೂ ನಿಮ್ಮ ಮನೆಯವರು ಮುಖ ಕೆಡಿಸಿಕೊಂಡಿದ್ದರು. ನೀವು ಲೆಕ್ಕಿಸಲಿಲ್ಲ.

ಒಂದು ಸಾಲು ಬರೆದರೂ ಸಾಕು. ದಾರಿ ಕಾಯುತ್ತಿರುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಗಂಗಾ


ಸಂಶಿ
೨೧ ಫೆಬ್ರುವರಿ ೨೦೨೫

ಚಿ. ಗಂಗಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿ ಆರು ದಿನವಾಯಿತು. ಅಕ್ಷರ ಕೆಟ್ಟಿಲ್ಲ. ಒತ್ತಕ್ಷರ ಮಾತ್ರ ನೀನು ಈಗಲೂ ಅವಸರದಲ್ಲಿ ಬರೆಯುತ್ತೀ.

ಸಣ್ಣವ್ವನ ವಿಷಯ ಕೇಳಿ ಮನಸ್ಸಿಗೆ ಬಹಳ ಸಂಕಟವಾಗಿದೆ. ಆದರೆ ಒಂದು ಮಾತು ನಿನಗೆ ತಿಳಿದಿರಲಿ. ಸಂಕ್ರಾಂತಿಯ ವಾರದಲ್ಲಿ ಬಸಣ್ಣನ ಶೆಡ್ಡಿನಿಂದ ಎರಡು ಚೀಲ ಹೋದದ್ದು ಸುಳ್ಳಲ್ಲ. ಮುರಿದ ಕೀಲಿಯನ್ನು ನಾನೇ ನೋಡಿದ್ದೇನೆ. ಈ ಸಲ ಕಾಯಿಗೆ ಒಳ್ಳೆಯ ಧಾರಣೆ ಇದೆ, ಊರಲ್ಲಿ ಎಲ್ಲರೂ ಕಣ ಕಾಯುತ್ತಿದ್ದಾರೆ. ಯಾರು ಒಯ್ದರು ಎಂಬುದು ಬೇರೆ ಮಾತು. ಅದನ್ನು ಕೋರ್ಟು ನೋಡಿಕೊಳ್ಳುತ್ತದೆ, ಅದಕ್ಕೆ ನೀನು ಇದ್ದೀ.

ಜಾಮೀನಿನ ಬಗ್ಗೆ ವಿಚಾರ ಮಾಡಿ ತಿಳಿಸುತ್ತೇನೆ. ಧಾರವಾಡಕ್ಕೆ ಬರುವುದೆಂದರೆ ಈಗ ನನಗೆ ಸುಲಭವಿಲ್ಲ. ಎರಡು ಬಸ್ಸು ಬದಲಿಸಬೇಕು, ಕಂಡಕ್ಟರ್ ಕೂಗಿದ್ದು ಕೇಳಿಸುವುದಿಲ್ಲ. ಮೊನ್ನೆ ಹುಬ್ಬಳ್ಳಿಗೆ ಹೊರಟವನು ಲಕ್ಷ್ಮೇಶ್ವರದ ಬಸ್ಸು ಹತ್ತಿದ್ದೆ.

ಇನ್ನು ಮುಂದೆ ಕಾಗದವನ್ನು ಮನೆಯ ವಿಳಾಸಕ್ಕೆ ಬರೆಯಬೇಡ. ಅಂಚೆ ಕಚೇರಿಗೇ ನನ್ನ ಹೆಸರಿಗೆ ಬರೆ. ದಿನಾ ಅಲ್ಲಿಯವರೆಗೆ ಹೋಗಿ ಬಂದರೆ ನಡೆದಾಡಿದಂತಾಗುತ್ತದೆ. ಡಾಕ್ಟರೂ ನಡೆಯಲು ಹೇಳಿದ್ದಾರೆ.

ಊಟ ತಪ್ಪಿಸಬೇಡ.

ನಿನ್ನ ಹಿತ ಬಯಸುವ,
ಈರಪ್ಪ ಮಾಸ್ತರ


ಧಾರವಾಡ
೨೬ ಫೆಬ್ರುವರಿ ೨೦೨೫

ಪೂಜ್ಯ ಮಾಸ್ತರರಿಗೆ ನಮಸ್ಕಾರ.

ಡಾಕ್ಟರು ನಡೆಯಲು ಹೇಳಿದ್ದಾರೆ ಎಂದರೆ ಏನಾಗಿದೆ ನಿಮಗೆ? ಸಕ್ಕರೆಯೋ, ಬಿಪಿಯೋ? ಕಾಗದ ಓದಿ ಎರಡು ದಿನ ಅದೇ ಯೋಚನೆ. ನೀವು ಒಬ್ಬರೇ ಬಸ್ಸಿನಲ್ಲಿ ಬರುವುದು ಬೇಡ. ಮುಂದಿನ ಸೋಮವಾರ ನಾನೇ ಸಂಶಿಗೆ ಬಂದು ನಿಮ್ಮನ್ನು ಕರೆದುಕೊಂಡು ಹೋಗಿ, ಸಂಜೆಯೊಳಗೆ ತಿರುಗಿ ಬಿಡುತ್ತೇನೆ.

ನಿನ್ನೆ ಜೈಲಿಗೆ ಹೋಗಿದ್ದೆ. ಸಣ್ಣವ್ವ ಚಿಗವ್ವ ಜಾಲರಿಯ ಆ ಕಡೆ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾಳೆ, ಸೆರಗು ಬಿಚ್ಚುತ್ತಾಳೆ, ಮತ್ತೆ ಸಿಗಿಸುತ್ತಾಳೆ. “ಇಲ್ಲಿ ಕುಂತು ಕುಂತು ಕೈ ಜೋಮ ಹಿಡದಾವ ಗಂಗಾ. ಕಸಾ ಹೊಡಿತೀನಿ ಅಂದ್ರ ಪಾಳಿ ಅಂತಾರ. ದಿನಕ್ಕ ಒಂದ ಸಲ ಬರತೈತಿ ನನ್ನ ಪಾಳಿ” ಎಂದಳು. ಆಡಿಗೆ ಯಾರು ಸೊಪ್ಪು ಹಾಕುತ್ತಾರೆ, ಸೊಸೆ ಭಾಗ್ಯಾಗೆ ಏಳು ತಿಂಗಳು, ನೀರು ಯಾರು ಹೊರುತ್ತಾರೆ ಎಂದು ಕೇಳಿದಳು. ಕೇಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಮಾಸ್ತರರು ಜಾಮೀನು ನಿಲ್ಲುತ್ತಾರೆ ಎಂದು ಹೇಳಿದೆ. ಆಕೆ ಸೆರಗು ಸಿಗಿಸಿಕೊಂಡು, “ಮಾಸ್ತರನ್ನ ಬಿಡು. ಬ್ಯಾರೆ ಯಾರನ್ನರ ಕೇಳು” ಎಂದಳು. ಯಾಕೆ ಎಂದರೆ ಹೇಳಲಿಲ್ಲ. ದೊಡ್ಡವರಿಗೆ ತನ್ನಿಂದ ತೊಂದರೆ ಆಗಬಾರದು ಎಂಬ ಸಂಕೋಚ, ಬೇರೇನಿಲ್ಲ. ಇಪ್ಪತ್ತೆಂಟು ದಿನ ಒಳಗೆ ಕೂತರೂ ಆ ಸಂಕೋಚ ಹೋಗಿಲ್ಲ, ನೋಡಿ.

ಸೋಮವಾರ ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.

ಗಂಗಾ


ಸಂಶಿ
೯ ಮಾರ್ಚ್ ೨೦೨೫

ಚಿ. ಗಂಗಾಳಿಗೆ ಆಶೀರ್ವಾದ.

ಆ ಸೋಮವಾರ ನೀನು ಬಂದು ಮಧ್ಯಾಹ್ನದವರೆಗೆ ಕಾದೆ ಎಂದು ಅಂಚೆಯವರು ಹೇಳಿದರು. ನಾನು ಅನಿವಾರ್ಯವಾಗಿ ಅಣ್ಣಿಗೇರಿಗೆ ಹೋಗಬೇಕಾಯಿತು. ನಿನ್ನ ಕಾಗದ ಸಿಕ್ಕಿದ್ದೂ ತಡವಾಗಿತ್ತು.

ನನ್ನ ಉತಾರ ತೆಗೆಸಿ ನೋಡಿದೆ. ಅದರಲ್ಲಿ ನನ್ನ ಹೆಸರು, ತಮ್ಮನ ಹೆಸರು ಜಂಟಿಯಾಗಿವೆ. ಅಂಥ ಉತಾರ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅಲ್ಲದೆ ಒಂದೇ ಮನೆಯಲ್ಲಿ ಒಬ್ಬ ದೂರು ಕೊಟ್ಟು ಇನ್ನೊಬ್ಬ ಜಾಮೀನು ನಿಂತರೆ ಜನ ಏನೆಂದಾರು?

ಒಂದು ಸಲಹೆ ಕೊಡುತ್ತೇನೆ, ಸಿಟ್ಟಾಗಬೇಡ. ತಪ್ಪೊಪ್ಪಿಕೊಂಡರೆ ಇಂಥ ಸಣ್ಣ ಕೇಸು ಬೇಗ ಮುಗಿಯುತ್ತದೆಯಂತೆ. ಒಳಗೆ ಇದ್ದ ದಿನಗಳನ್ನೇ ಶಿಕ್ಷೆ ಎಂದು ಹಿಡಿದು ಬಿಟ್ಟುಬಿಡುತ್ತಾರಂತೆ. ಭಾಗ್ಯಾಳ ಹೆರಿಗೆಯ ಹೊತ್ತಿಗೆ ಸಣ್ಣವ್ವ ಮನೆಯಲ್ಲಿರಬಹುದು. ನಿನಗೆ ಕಾಯಿದೆ ಹೆಚ್ಚು ಗೊತ್ತು. ನಾನು ಹೇಳಿದ್ದು ಅನುಭವದ ಮಾತು.

ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ.

ಈರಪ್ಪ ಮಾಸ್ತರ


ಧಾರವಾಡ
೨೭ ಮಾರ್ಚ್ ೨೦೨೫

ಮಾಸ್ತರರಿಗೆ,

ಸಣ್ಣವ್ವ ಚಿಗವ್ವ ಸೋಮವಾರ ಹೊರಗೆ ಬಂದಳು. ಐವತ್ತೈದು ದಿನ ಒಳಗಿದ್ದಳು.

ಜಾಮೀನು ನಿಂತವರು ಮೈಮುನಬಿ. ಸಂಶಿ ಸಂತೆಯಲ್ಲಿ ಬಳೆ ಮಾರುತ್ತಾರಲ್ಲ, ಅವರೇ. ತವರಿನಿಂದ ಬಂದ ಇಪ್ಪತ್ತು ಗುಂಟೆ ಅವರ ಹೆಸರಿನಲ್ಲಿದೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ಸಂತೆಯಲ್ಲಿ ಭೀಮಶಿ ಕಾಕಾ ಯಾರಿಗೋ ಹೇಳಿಕೊಳ್ಳುವುದು ಕಿವಿಗೆ ಬಿತ್ತಂತೆ. ಮರುದಿನ ಉತಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಒಬ್ಬರೇ ಕೋರ್ಟಿಗೆ ಬಂದರು. ಆರೋಪಿ ತಪ್ಪಿಸಿಕೊಂಡರೆ ಹೊಣೆ ನಿಮ್ಮ ಮೇಲೆ ಬರುತ್ತದೆ, ತಿಳಿದಿದೆಯೇ ಎಂದು ನ್ಯಾಯಾಧೀಶರು ಕೇಳಿದರು. “ತಿಳದೈತ್ರಿ ಸಾಹೇಬ್ರ. ಹನ್ನೆರಡ ವರ್ಷ ಆಕೀ ಕೈಗೆ ಬಳಿ ಏರಿಸೇನಿ. ಕದಿಯೋ ಕೈ ಅಲ್ಲ ಅದು” ಎಂದರು. ಗುಮಾಸ್ತರು ನಕ್ಕರು. ನ್ಯಾಯಾಧೀಶರು ನಗಲಿಲ್ಲ.

ಎರಡು ದಿನ ನನಗೆ ಹಬ್ಬವಾಗಿತ್ತು. ನಿನ್ನೆ ದೋಷಾರೋಪ ಪಟ್ಟಿಯ ನಕಲು ಕೈಗೆ ಬಂತು.

ಅದರಲ್ಲಿ ಪಂಚನಾಮೆ ಇದೆ. ಇಬ್ಬರು ಪಂಚರ ಎದುರಿನಲ್ಲಿ ಸ್ಥಳ ನೋಡಿ, ಸಣ್ಣವ್ವನ ಹತ್ತಿರ ಎರಡು ಚೀಲ ಒಣ ಮೆಣಸಿನಕಾಯಿ ಸಿಕ್ಕಿದ್ದನ್ನು ನೋಡಿ ಬರೆದದ್ದು ಎಂದಿದೆ. ಎರಡನೇ ಪಂಚ ಬಸಣ್ಣನ ಟ್ರಾಕ್ಟರ್ ಓಡಿಸುವವನು. ಮೊದಲನೇ ಪಂಚರ ಸಹಿಯನ್ನು ನಾನು ಓದಬೇಕಾಗಿರಲಿಲ್ಲ. ಹತ್ತು ವರ್ಷ ನನ್ನ ಪ್ರಗತಿ ಪತ್ರದ ಮೇಲೆ ನೋಡಿದ್ದೇನೆ ಅದನ್ನು.

ಆ ಹಾಳೆ ಹಿಡಿದುಕೊಂಡು ಆಫೀಸಿನಲ್ಲಿ ಕೂರಲಾಗಲಿಲ್ಲ. ಕೋರ್ಟ್ ಸರ್ಕಲ್ಲಿನಿಂದ ಕೆಲಗೇರಿ ಕೆರೆಯವರೆಗೆ ನಡೆದು ಹೋದೆ, ಮತ್ತೆ ತಿರುಗಿ ಬಂದೆ. ನಿಮ್ಮ ಕಾಗದಗಳನ್ನೆಲ್ಲ ತೆಗೆದು ಓದಿದೆ. ಅಂಚೆ ಕಚೇರಿಯ ವಿಳಾಸ, ಅಣ್ಣಿಗೇರಿ, ಜಂಟಿ ಉತಾರ. ತಪ್ಪೊಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂಬ ಅನುಭವದ ಮಾತು. ನಿಮಗೆ ಸಕ್ಕರೆ ಕಾಯಿಲೆಯೆಂದು ನಾನು ಚಿಂತೆ ಮಾಡುತ್ತಿದ್ದೆ.

ಇವತ್ತು ಕೇರಿಗೆ ಹೋಗಿ ಚಿಗವ್ವನನ್ನು ಕೇಳಿದೆ. ಆಕೆ ಆಡಿನ ಮರಿಯ ಕಾಲು ತೊಳೆಯುತ್ತಿದ್ದಳು.

“ನಿನಗ ಗೊತ್ತಿತ್ತೇನ ಚಿಗವ್ವ?”

“ಗೊತ್ತಿತ್ತು. ನಾ ನೋಡೇನಿ, ಕಟ್ಟಿ ಮ್ಯಾಲ ಕುಂತ ಸಹಿ ಮಾಡಿದ್ರು.”

“ನನಗ ಯಾಕ ಹೇಳಲಿಲ್ಲ?”

“ನೀ ಸಾಲಿ ಕಲಿತಿದ್ದು ಅವ್ರಿಂದ. ನಿನಗ ಅವ್ರ ಮ್ಯಾಲ ಸಿಟ್ಟ ಬರೂದು ಬ್ಯಾಡ ಅನಿಸ್ತು. ಉಳಿದದ್ದ ಅವ್ರನ್ನ ಕೇಳು.”

ಅದಕ್ಕೇ ಕೇಳುತ್ತಿದ್ದೇನೆ. ಜನವರಿ ೨೮ರಂದು ನೀವು ಆ ಹೊಲಕ್ಕೆ ಹೋಗಿದ್ದಿರಾ? ಎರಡು ಚೀಲ ನೋಡಿದಿರಾ?

ಗಂಗಾ


ಧಾರವಾಡ
೨೨ ಏಪ್ರಿಲ್ ೨೦೨೫

ಮಾಸ್ತರರಿಗೆ,

ನನ್ನ ಕಾಗದ ಮಾರ್ಚ್ ೩೧ರಂದೇ ನಿಮ್ಮ ಕೈಗೆ ಮುಟ್ಟಿದೆ. ರಿಜಿಸ್ಟರ್ ಮಾಡಿದ್ದೆ.

ಭಾಗ್ಯಾಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಚಿಗವ್ವನನ್ನು ಈ ಸಲ ಯಾರೂ ಕೂಲಿಗೆ ಕರೆಯುತ್ತಿಲ್ಲ. “ಕೇಸ್ ಮುಗೀಲಿ” ಎನ್ನುತ್ತಾರಂತೆ. ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಬಂದಾಗ ಬುತ್ತಿ ಕಟ್ಟಿಕೊಂಡು ನಿಲ್ಲುತ್ತಾಳೆ, ಅದು ಹೋದ ಮೇಲೆ ಮನೆಗೆ ಬರುತ್ತಾಳೆ.

ಉತ್ತರ ಬರೆಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಕೋರ್ಟು ಮಾತ್ರ ಸಮನ್ಸ್ ಕಳಿಸುತ್ತದೆ.

ಗಂಗಾ


ಸಂಶಿ
೧೧ ಮೇ ೨೦೨೫

ಚಿ. ಗಂಗಾಳಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮನೆಯಲ್ಲಿ ಕೂತು ಬರೆಯಲಾಗದೆ ಶಾಲೆಯ ಕಟ್ಟೆಗೆ ಬಂದಿದ್ದೇನೆ. ಬೇಸಿಗೆ ರಜೆ, ಯಾರೂ ಇಲ್ಲ.

ನೀನು ಕೇಳಿದ ಎರಡು ಪ್ರಶ್ನೆಗೂ ಉತ್ತರ ಒಂದೇ. ಇಲ್ಲ. ಹೊಲಕ್ಕೆ ಹೋಗಿರಲಿಲ್ಲ, ಚೀಲ ನೋಡಿರಲಿಲ್ಲ.

ಆವತ್ತು ಸಂಜೆ ಐದರ ಸುಮಾರಿಗೆ ನಾನು ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಜೀಪು ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಬಸಣ್ಣ ಮತ್ತು ಒಬ್ಬ ಪೊಲೀಸ್ ಕೆಳಗಿಳಿದು ಬಂದರು. ಬಸಣ್ಣನ ಮುಖ ಕೆಂಪಾಗಿತ್ತು. ಎರಡು ವಾರದಿಂದ ಕಳ್ಳನನ್ನು ಹುಡುಕಿ ಹುಡುಕಿ ಅವನಿಗೆ ಊಟ ಸೇರುತ್ತಿರಲಿಲ್ಲ. “ದೊಡ್ಡಪ್ಪ, ಕಳ್ಳಿ ಸಿಕ್ಕಾಳ. ಇಲ್ಲೊಂದ ಸಹಿ ಮಾಡ್ರಿ. ನಿಮ್ಮ ಸಹಿ ಇದ್ರ ಯಾರೂ ಎದುರ ಮಾತಾಡೂದಿಲ್ಲ” ಎಂದ. ಹಾಳೆಯ ಮೇಲ್ಗಡೆ ‘ಪಂಚನಾಮೆ’ ಎಂದು ಬರೆದಿತ್ತು. ಕೆಳಗೆ ಏನೂ ಬರೆದಿರಲಿಲ್ಲ. ಪೊಲೀಸರು ಬೆರಳಿನಿಂದ ಜಾಗ ತೋರಿಸಿದರು.

ನಾನು ಪೆನ್ನು ತೆಗೆದುಕೊಂಡಾಗ ಜೀಪಿನ ಹಿಂದುಗಡೆ ಯಾರೋ ಕೂತದ್ದು ಕಂಡಿತು. ಸಣ್ಣವ್ವ. ಕಾಲ ಹತ್ತಿರ ಒಂದು ಗಂಟು ಇತ್ತು. “ಮಾಸ್ತರ್ರ, ಒಂದ ಸಲ ಈ ಗಂಟ ಬಿಚ್ಚಿ ನೋಡ್ರಿ” ಎಂದಳು.

ಗಂಗಾ, ನನಗೆ ಕಿವಿ ಕೇಳಿಸುವುದಿಲ್ಲ ಎಂದು ಊರಿಗೇ ಗೊತ್ತು. ಬಸ್ಸಿನ ಕಂಡಕ್ಟರ್ ಕೂಗಿದ್ದು, ಗುಡಿಯ ಗಂಟೆ, ಫೋನಿನಲ್ಲಿ ನಿನ್ನ ಮಾತು ಯಾವುದೂ ಕೇಳಿಸುವುದಿಲ್ಲ. ಆಕೆ ಹೇಳಿದ್ದು ನನಗೆ ಕೇಳಿಸಿತು. ಒಂದೊಂದು ಅಕ್ಷರವೂ ಕೇಳಿಸಿತು. ಕೇಳಿಸಲಿಲ್ಲ ಎಂಬಂತೆ ತಲೆ ತಗ್ಗಿಸಿ ಸಹಿ ಮಾಡಿದೆ. ಇದನ್ನು ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಯಾಕೆ ಎಂದು ನೀನು ಕೇಳುತ್ತೀ. ಬಸಣ್ಣನ ಹೆಂಡತಿ ಬಡಿಯುವ ರೊಟ್ಟಿ ತಿಂದು ಬದುಕುತ್ತೇನೆ, ಅದಕ್ಕೆ ಎಂದು ಬರೆದು ಹರಿದೆ. ಅದು ಪೂರ್ತಿ ನಿಜವಲ್ಲ. ಯಾರೂ ನನ್ನನ್ನು ಹೆದರಿಸಲಿಲ್ಲ. ಮೂವತ್ತೆರಡು ವರ್ಷ ಮಾಸ್ತರಿಕೆಯಲ್ಲಿ ಊರವರು ಮುಂದೆ ಚಾಚಿದ ಕಾಗದಗಳಿಗೆಲ್ಲ ಸಹಿ ಮಾಡಿದ್ದೇನೆ. ಮಾಸ್ತರ ಸಹಿ ಎಂದರೆ ಒಂದು ಮರ್ಯಾದೆ ಎಂದು ನನಗೆ ಹೆಮ್ಮೆ ಇತ್ತು. ಬೇಡ ಎನ್ನುವುದಕ್ಕಿಂತ ಸಹಿ ಮಾಡುವುದು ಸುಲಭವಾಗಿತ್ತು. ಅಷ್ಟೇ. ಒಂದೆರಡು ದಿನದಲ್ಲಿ ಬಿಟ್ಟು ಕಳಿಸುತ್ತಾರೆ ಎಂದುಕೊಂಡಿದ್ದೆ.

ನಿನ್ನ ಮೊದಲ ಕಾಗದ ಬಂದಾಗ ಆ ದಿನವೇ ಹೇಳಬಹುದಿತ್ತು. ಹೇಳಿದ್ದರೆ ನೀನು ನಿನ್ನ ಆ ‘ಪೂಜ್ಯ’ ಎಂಬುದನ್ನು ತೆಗೆದುಬಿಡುತ್ತೀ ಎಂದು ಅಂಜಿಕೆಯಾಯಿತು. ಈಗ ಹೇಗೂ ತೆಗೆದಿದ್ದೀ.

ಸಮನ್ಸ್ ಬಂದರೆ ನಾನು ಏನು ಮಾಡಬೇಕು? ಬಸಣ್ಣ ಈಗಿಂದಲೇ ಹೇಳುತ್ತಿದ್ದಾನೆ, “ಹಾಳಿ ಮ್ಯಾಲ ಇದ್ದದ್ದ ಹೇಳಿದ್ರ ಸಾಕು ದೊಡ್ಡಪ್ಪ, ಐದ ಮಿನಿಟಿನ ಕೆಲಸ” ಎಂದು.

ಈರಪ್ಪ


ಧಾರವಾಡ
೧೭ ಮೇ ೨೦೨೫

ಮಾಸ್ತರರೇ,

ನಿಮ್ಮ ಕಾಗದವನ್ನು ನಮ್ಮ ಹಿರಿಯ ವಕೀಲರಿಗೆ ತೋರಿಸಿದ್ದೇನೆ. ತೋರಿಸದೆ ಇರುವ ಹಕ್ಕು ನನಗಿಲ್ಲ.

ನೀವು ಸರ್ಕಾರದ ಕಡೆಯ ಸಾಕ್ಷಿ, ನಾನು ಆರೋಪಿಯ ವಕೀಲೆ. ಕೋರ್ಟಿನಲ್ಲಿ ಏನು ಹೇಳಬೇಕು ಎಂದು ನಾನು ನಿಮಗೆ ಹೇಳಿಕೊಡುವಂತಿಲ್ಲ. ಸಾಕ್ಷಿ ಮುಗಿಯುವವರೆಗೆ ಇದೇ ನನ್ನ ಕೊನೆಯ ಕಾಗದ. ನಿಮಗೆ ನಿಮ್ಮದೇ ವಕೀಲರ ಸಲಹೆ ಬೇಕಿದ್ದರೆ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಪುಕ್ಕಟೆ ಸಿಗುತ್ತದೆ.

ಒಂದನ್ನು ಮಾತ್ರ ಯಾರು ಬೇಕಾದರೂ ಹೇಳಬಹುದು. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಅದು ಅಪರಾಧ. ಸತ್ಯ ಹೇಳಿದರೆ, ಖಾಲಿ ಹಾಳೆಗೆ ಸಹಿ ಮಾಡಿದ್ದೇಕೆ ಎಂದು ಸರ್ಕಾರಿ ವಕೀಲರು ನಿಮ್ಮನ್ನು ಎಲ್ಲರೆದುರು ನಿಲ್ಲಿಸಿ ಕೇಳುತ್ತಾರೆ. ಅದು ಐದು ಮಿನಿಟಿನ ಕೆಲಸವಾಗಿರುವುದಿಲ್ಲ.

‘ಪೂಜ್ಯ’ ಎಂದು ಬರೆಯಬೇಕೆಂದು ಪೆನ್ನು ಎತ್ತಿದೆ. ಬರೆಯಲಾಗಲಿಲ್ಲ. ಬರೆಯದೆ ಇರುವುದೂ ನನಗೆ ಸುಲಭವಾಗಿಲ್ಲ.

ಗಂಗಾ


ಧಾರವಾಡ
೧೩ ಸೆಪ್ಟೆಂಬರ್ ೨೦೨೫

ಮಾಸ್ತರರಿಗೆ,

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ನಿಮ್ಮ ಸಾಕ್ಷಿ ಮುಗಿಯಿತು, ಈಗ ಬರೆಯಬಹುದು.

ನಿನ್ನೆ ನೀವು ಕಟಕಟೆ ಹತ್ತುವಾಗ ಬಸಣ್ಣ ಕೈಹಿಡಿದು ಹತ್ತಿಸಿದ. ಅದನ್ನು ನೋಡಿ, ಮುಗಿಯಿತು ಎಂದುಕೊಂಡೆ. ನಾನು ಪಾಟೀಸವಾಲಿಗೆ ಮೂವತ್ತು ಪ್ರಶ್ನೆ ಬರೆದುಕೊಂಡು ಬಂದಿದ್ದೆ. ನಿಮ್ಮನ್ನು ಸುಳ್ಳುಗಾರ ಎಂದು ತೋರಿಸಲು ಎರಡು ವಾರ ಕೂತು ಬರೆದ ಪ್ರಶ್ನೆಗಳು. ನಿಮ್ಮ ಸ್ವಭಾವ ಗೊತ್ತಿದ್ದುದರಿಂದ ಚೆನ್ನಾಗಿಯೇ ಬರೆದಿದ್ದೆ.

ಸರ್ಕಾರಿ ವಕೀಲರು ಪಂಚನಾಮೆ ತೋರಿಸಿ, “ಇದು ನಿಮ್ಮ ಸಹಿಯೇ?” ಎಂದರು.

“ಹೌದ್ರಿ, ನಂದ ಐತಿ.”

“ಇದರಲ್ಲಿ ಬರೆದದ್ದು ನಿಮ್ಮ ಎದುರಿಗೆ ನಡೆದದ್ದೇ?”

“ಅಲ್ರಿ. ನಾ ಹೊಲಕ್ಕ ಹೋಗಿಲ್ಲ. ಮನಿ ಕಟ್ಟಿ ಮ್ಯಾಲ ಕುಂತ ಸಹಿ ಮಾಡೇನಿ.”

ಅವರು ನಿಮ್ಮನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುವಂತೆ ಕೇಳಿಕೊಂಡರು. ಆಮೇಲೆ ನಿಮ್ಮ ಮೇಲೆ ಹರಿಹಾಯ್ದರು. ನಿವೃತ್ತ ಶಿಕ್ಷಕರು, ಓದದೆ ಸಹಿ ಮಾಡಿದಿರಾ ಎಂದಾಗ, “ಓದಾಕ ಏನೂ ಇರಲಿಲ್ರಿ. ಹಾಳಿ ಖಾಲಿ ಇತ್ತು” ಎಂದಿರಿ. ಆರೋಪಿಯ ವಕೀಲೆ ನಿಮ್ಮ ಶಿಷ್ಯೆ, ಅವಳಿಗಾಗಿ ಸುಳ್ಳು ಹೇಳುತ್ತಿದ್ದೀರಿ ಎಂದರು. ನೀವು ನನ್ನ ಕಡೆ ನೋಡಲಿಲ್ಲ. “ಸುಳ್ಳ ಆವತ್ತ ಬರದೇನ್ರಿ. ಇವತ್ತಲ್ಲ” ಎಂದಿರಿ. ಮೂರು ಸಲ ಪ್ರಶ್ನೆ ಕೇಳಿಸದೆ ಮತ್ತೊಮ್ಮೆ ಕೇಳಿಸಿಕೊಂಡಿರಿ. ಕೇಳಿಸಿಕೊಳ್ಳದೆ ಒಂದಕ್ಕೂ ಉತ್ತರ ಕೊಡಲಿಲ್ಲ.

ನನ್ನ ಮೂವತ್ತು ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ.

ಬಸಣ್ಣ ಗಾಡಿ ಚಾಲೂ ಮಾಡಿ ಹೋದದ್ದು ಕಿಟಕಿಯಿಂದ ಕಂಡಿತು. ನೀವು ಕೋರ್ಟಿನ ಎದುರಿನ ಬಸ್‌ಸ್ಟಾಪಿನಲ್ಲಿ ಕೊಡೆ ಹಿಡಿದು ಒಬ್ಬರೇ ನಿಂತಿದ್ದಿರಿ. ಬಂದು ಮಾತಾಡಿಸಬೇಕೆಂದು ಮೆಟ್ಟಿಲು ಇಳಿದವಳು ಅರ್ಧಕ್ಕೇ ನಿಂತೆ. ಎರಡು ಬಸ್ಸು ಹೋದವು, ನೀವು ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿದಿರಿ. ಸರಿಯಾದ ಬಸ್ಸೇ ಇತ್ತು, ಬೋರ್ಡು ನೋಡಿದೆ.

ಮನೆಯಲ್ಲಿ ಹೇಗಿದ್ದೀರಿ, ತಿಳಿಸಿ.

ಗಂಗಾ


ಸಂಶಿ
೨೫ ಜನವರಿ ೨೦೨೬

ಚಿ. ಗಂಗಾಳಿಗೆ ಆಶೀರ್ವಾದ.

ಸೆಪ್ಟೆಂಬರಿನ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಆಗ ಬರೆಯುವಂಥದ್ದೇನೂ ಇರಲಿಲ್ಲ. ಒಲೆ ಬೇರೆಯಾಯಿತು. ಬಸಣ್ಣ ಮನೆ ಬಿಡು ಎನ್ನಲಿಲ್ಲ, ನನ್ನ ಪಾಲಿನ ಕೋಣೆ ನನಗಿದೆ. ಅವನು ಮಾತು ಬಿಟ್ಟಿದ್ದಾನೆ. ಅನ್ನ ಮಾಡಲು ಕಲಿತಿದ್ದೇನೆ. ರೊಟ್ಟಿ ಮಾತ್ರ ಖಾನಾವಳಿಯಿಂದ ತರುತ್ತೇನೆ.

ಈ ತಿಂಗಳು ೧೯ರಂದು ತೀರ್ಪು ಬಂದು ಸಣ್ಣವ್ವ ಖುಲಾಸೆಯಾದ ಸುದ್ದಿ ಭೀಮಶಿ ಹೇಳಿದ. ನಿನ್ನ ಶ್ರಮ ಸಾರ್ಥಕವಾಯಿತು. ಮೂರು ದಿನ ಬಿಟ್ಟು, ಸಂಜೆ ನಿಮ್ಮ ಕೇರಿಗೆ ಹೋದೆ. ಅಲ್ಲಿಗೆ ಹೋಗದೆ ಎಷ್ಟು ವರ್ಷಗಳಾಗಿದ್ದವು ಎಂಬುದು ದಾರಿಯಲ್ಲಿ ಗೊತ್ತಾಯಿತು. ಸಣ್ಣವ್ವನ ಮನೆ ಯಾವುದೆಂದು ಕೇಳಬೇಕಾಯಿತು.

ಸಣ್ಣವ್ವ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಚಾಪೆ ಹಾಸಿದಳು. ಕೂತೆ. ತಪ್ಪಾಯಿತು ಎಂದೆ. ಆಕೆ ಕೂಸಿನ ಕೈ ನೀವುತ್ತ, “ತೀರ್ಪಿನ್ಯಾಗ ಏನೋ ಬರದಾರಂತಲ್ರಿ. ಸಂಶಯದ ಲಾಭ ಅಂತ. ಗಂಗಾ ಹೇಳಿದ್ಲು, ನನಗ ತಿಳೀಲಿಲ್ಲ. ಹಂಗಂದ್ರ ಏನ್ರಿ?” ಎಂದಳು.

ಕದ್ದದ್ದು ಸಂಶಯ ಇಲ್ಲದಂತೆ ಸಾಬೀತಾಗಲಿಲ್ಲ, ಅದಕ್ಕೆ ಬಿಟ್ಟಿದ್ದಾರೆ ಎಂದು ಬಿಡಿಸಿ ಹೇಳಿದೆ.

“ಅಂದ್ರ ಸಂಶಯ ಇನ್ನೂ ಐತಿ?”

“ಕಾಯಿದೆ ಮಾತಿನ ರೀತಿ ಹಂಗ ಸಣ್ಣವ್ವ.”

“ನಿಮಗ ಐತೇನ್ರಿ ಮಾಸ್ತರ್ರ?”

“ಇಲ್ಲ.”

“ಆವತ್ತ ಇತ್ತೇನ್ರಿ, ಸಹಿ ಮಾಡೋ ಮುಂದ?”

“ಇರಲಿಲ್ಲ.”

ಆಕೆ ಕೂಸನ್ನು ಬೋರಲು ಹಾಕಿ ಬೆನ್ನಿಗೆ ಎಣ್ಣೆ ಹಚ್ಚತೊಡಗಿದಳು. “ಮತ್ತ ಅದನ್ನ ಯಾಕ ಹೇಳಲಿಲ್ರಿ? ಹೊಲಕ್ಕ ಹೋಗಿಲ್ಲ, ನೋಡಿಲ್ಲ ಅಂತ ಹೇಳಿದ್ರಿ. ಅದು ನಿಮ್ಮ ಸುದ್ದಿ ಆತು. ನಾ ಕಳ್ಳಿ ಅಲ್ಲ ಅಂತ ಎಲ್ಲಿ ಹೇಳಿದ್ರಿ?”

ಕೋರ್ಟಿನಲ್ಲಿ ಅದನ್ನು ಯಾರೂ ಕೇಳಲಿಲ್ಲ ಎಂದು ಹೇಳಬಹುದಿತ್ತು. ಅದೂ ನನ್ನದೇ ಸುದ್ದಿ ಆಗುತ್ತಿತ್ತು. ಚಹಾ ಕೊಟ್ಟಳು, ಕುಡಿದು ಎದ್ದು ಬಂದೆ.

ಮರುದಿನ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಹೋದೆ. ಈಗ ಕಾಯಿ ಬಿಡಿಸುವ ಹಂಗಾಮು. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಬುತ್ತಿ ಹಿಡಿದು ನಿಂತಿದ್ದರು, ಸಣ್ಣವ್ವನೂ ಇದ್ದಳು. ಮಿಶ್ರಿಕೋಟಿ ಕಡೆಯ ಹೊಲಕ್ಕಂತೆ. ಊರಿನ ಹೊಲಕ್ಕೆ ಅವಳನ್ನು ಇನ್ನೂ ಯಾರೂ ಕರೆಯುವುದಿಲ್ಲ. ಟಂಟಂ ತುಂಬಿತ್ತು. ನಾನು ಅದರ ಹತ್ತಿರ ಹೋಗಿ ನಿಂತು, “ಸಣ್ಣವ್ವ ಕಳ್ಳಿ ಅಲ್ಲ. ನನಗ ಆವತ್ತ ಗೊತ್ತಿತ್ತು. ಗೊತ್ತಿದ್ದೂ ಸಹಿ ಮಾಡಿದೆ” ಎಂದೆ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಣ್ಣವ್ವ ನನ್ನ ಕಡೆ ಬಗ್ಗಿ, “ಇವರಿಗೆಲ್ಲಾ ಗೊತ್ತೈತ್ರಿ ಮಾಸ್ತರ್ರ. ನಮಗ ಯಾಕ ಹೇಳ್ತೀರಿ? ಆ ಕಡೆ ಹೋಟೆಲಿನ ಮುಂದ ಬಸಣ್ಣಾರು ಕುಂತಾರ ನೋಡ್ರಿ. ಅಲ್ಲಿ ಹೋಗಿ ಹೇಳ್ರಿ” ಎಂದಳು.

ಬಸಣ್ಣ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಸುತ್ತ ಏಳೆಂಟು ಜನ, ಎಲ್ಲ ನನ್ನ ಕೈಯಲ್ಲಿ ಅಕ್ಷರ ಕಲಿತವರು. ನಡುವೆ ರಸ್ತೆ. ಒಂದು ಟ್ರಾಕ್ಟರ್ ಹೋಗಲಿ ಎಂದು ನಿಂತೆ. ಇನ್ನೊಂದು ಬಂತು, ಅದೂ ಹೋಗಲಿ ಎಂದು ನಿಂತೆ. ಆಮೇಲೆ ರಸ್ತೆ ಖಾಲಿಯಾಯಿತು.

ದಾಟಿ ಹೋಗಿ, ಅವನ ಎದುರಿಗೆ ನಿಂತು ಅದೇ ಮಾತು ಹೇಳಿದೆ. ಬಸಣ್ಣ ತಲೆ ಎತ್ತಲಿಲ್ಲ. ಲೋಟ ಕೆಳಗಿಟ್ಟು ಒಳಗೆ ಹೋದ. ಉಳಿದವರು ಸರಿದು ಬೆಂಚಿನ ಮೇಲೆ ನನಗೆ ಜಾಗ ಮಾಡಿಕೊಟ್ಟರೋ, ಇಲ್ಲವೇ ನನ್ನಿಂದ ದೂರ ಸರಿದರೋ, ನನಗೆ ತಿಳಿಯಲಿಲ್ಲ. ನಾನು ಕೂರಲಿಲ್ಲ.

ತಿರುಗಿ ನೋಡಿದಾಗ ಟಂಟಂ ಹೊರಟುಹೋಗಿತ್ತು.

ಈರಪ್ಪ